ಮಾಂಟೆಸ್ಸರಿ ಟೀಚರಿಗೂ ಒಂದು ಕೂಟ ಬೇಕು

ಮಂಗಳೂರಾಗಲಿ ಹಾವೇರಿಯಾಗಲಿ, ಈಗ ಯಾವ ಊರಿನ ಪೇಟೆಯಲ್ಲಿ ನಡೆದರೂ 'ಮಾಂಟೆಸ್ಸರಿ' ಎಂಬ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಮಗುವಿಗೆ ಮೂರು ವರ್ಷ ತುಂಬಿದ ಕೂಡಲೇ ಹೆಗಲಿಗೆ ಚೀಲ, ಕುತ್ತಿಗೆಗೆ ನೀರಿನ ಬಾಟ್ಲಿ. ಫೀಸು ಎಷ್ಟು, ವ್ಯಾನ್ ಮನೆ ಹತ್ರ ಬರ್ತದಾ, ಯೂನಿಫಾರ್ಮ್ ಯಾವ ಬಣ್ಣ? ಸೇರಿಸುವಾಗ ನಾವು ಕೇಳುವುದು ಹೆಚ್ಚಾಗಿ ಇಷ್ಟೇ. ಆ ಕೋಣೆಯೊಳಗೆ ದಿನವಿಡೀ ನಮ್ಮ ಮಗುವಿನ ಜೊತೆ ಇರುವ ಟೀಚರ್ ಎಲ್ಲಿ ಕಲಿತರು, ಕಲಿತ ಮೇಲೆ ಮತ್ತೆ ಎಂದಾದರೂ ಕಲಿಯಲಿಕ್ಕೆ ಹೋಗಿದ್ದಾರಾ ಎಂದು ಕೇಳುವವರು ಕಡಿಮೆ.

ಈ ವಾರ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಘಟ್ಟದ ಮೇಲಿನ ಮೂರು ಊರುಗಳನ್ನು ನೋಡೋಣ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಬ್ಯಾಡಗಿಯ ಹೆಸರು ಕೇಳದ ಬ್ಯಾರಿ ಅಡುಗೆಮನೆ ಇಲ್ಲ. ನಮ್ಮ ಮೀನು ಸಾರಿಗೆ ಆ ಕೆಂಪು ಬರುವುದೇ ಅಲ್ಲಿಯ ಮೆಣಸಿನಿಂದ. ವ್ಯಾಪಾರಕ್ಕೆಂದು ಘಟ್ಟ ಹತ್ತಿದ ನಮ್ಮ ಮನೆಗಳು ಆ ಕಡೆಯ ಊರುಗಳಲ್ಲೂ ಉಂಟು. ಅವರ ಮಕ್ಕಳು ಅಲ್ಲಿಯ ಶಾಲೆಗಳಲ್ಲೇ ಅಕ್ಷರ ತಿದ್ದುತ್ತಾರೆ. ಇನ್ನೊಂದು ಕಾರಣವೂ ಉಂಟು. ಪಿಯುಸಿ ಮುಗಿಸಿ ಒಂದು ವರ್ಷದ ಮಾಂಟೆಸ್ಸರಿ ಟೀಚರ್ಸ್ ಟ್ರೇನಿಂಗ್ ಮಾಡಿಕೊಳ್ಳುವುದು ಈಗ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಮದುವೆಯಾಗಿ ಬೇರೆ ಊರಿಗೆ ಹೋದರೂ ಆ ಸರ್ಟಿಫಿಕೇಟು ಜೊತೆಗೆ ಹೋಗುತ್ತದೆ. ಆದರೆ ಸಣ್ಣ ಊರಿನ ಸಣ್ಣ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಟೀಚರಿಗೆ ಯಾರಿದ್ದಾರೆ? ಒಂದು ಸಂಶಯ ಬಂದರೆ ಯಾರ ಹತ್ರ ಕೇಳುವುದು? ನಿಜವಾದ ಕಷ್ಟ ಇಲ್ಲಿಂದ ಶುರು.

ಹೆಸರಿಗೆ ಒಡೆಯರಿಲ್ಲ

ಮೊದಲು ಒಂದು ವಿಷಯ ತಿಳಿದಿರಬೇಕು. 'ಮಾಂಟೆಸ್ಸರಿ' ಎಂಬ ಹೆಸರು ಯಾವ ಒಂದು ಸಂಸ್ಥೆಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬೋರ್ಡ್ ಬರೆಸಬಹುದು. ಒಳಗೆ ಸಾಮಗ್ರಿ ಇರಬಹುದು, ಇಲ್ಲದಿರಬಹುದು. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ದಿನಕ್ಕೆ ನಾಲ್ಕು ಪುಟ ಬರೆಸುವ ಶಾಲೆಯೂ ಇದೇ ಹೆಸರಿನಲ್ಲಿ ನಡೆಯಬಹುದು. ಹಾಗಾದರೆ ಮನೆಯವರಿಗೆ ಗ್ಯಾರಂಟಿ ಎಂತ? ಟೀಚರ್ ಒಬ್ಬರೇ ಗ್ಯಾರಂಟಿ. ಅವರಿಗೆ ಎಷ್ಟು ಗೊತ್ತೋ ಅಷ್ಟೇ ಆ ಶಾಲೆಯ ಮಾಂಟೆಸ್ಸರಿ.

ಒಂದನೇ ತರಗತಿಗೆ ಸೇರಲು ಆರು ವರ್ಷ ಆಗಿರಬೇಕೆಂಬ ನಿಯಮ ಬಂದ ಮೇಲೆ ಈ ಮಾತಿಗೆ ಇನ್ನೂ ತೂಕ ಬಂದಿದೆ. ಮೂರರಿಂದ ಆರರವರೆಗೆ ಪೂರ್ತಿ ಮೂರು ವರ್ಷ ಮಗು ಈ ಟೀಚರುಗಳ ಕೈಯಲ್ಲಿರುತ್ತದೆ. ಸರ್ಕಾರವೂ ಈ ದಾರಿಗೆ ಬಂದಿದೆ. 2024ರ ಜುಲೈಯಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ 'ಸರ್ಕಾರಿ ಮಾಂಟೆಸ್ಸರಿ' ಎಂಬ ಹೆಸರಿನಲ್ಲೇ ಎಲ್‌ಕೆಜಿ, ಯುಕೆಜಿ ಆರಂಭವಾಯಿತು. ಬೋರ್ಡ್ ಬದಲಿಸುವುದು ಒಂದು ದಿನದ ಕೆಲಸ. ಟೀಚರನ್ನು ತಯಾರು ಮಾಡುವುದು ವರ್ಷಗಟ್ಟಲೆಯ ಕೆಲಸ.

ಕೂಟದಲ್ಲೇ ಬೆಳೆದ ಪದ್ಧತಿ

ಮಾರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದವರು, ಓದಿದ್ದು ವೈದ್ಯಕೀಯ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ 'ಮಕ್ಕಳ ಮನೆ' ತೆರೆಯಿತು. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮಕ್ಕಳು ಕಟ್ಟಡದ ಗೋಡೆ ಹಾಳು ಮಾಡುತ್ತಾ ತಿರುಗುತ್ತಿದ್ದರು. ಅವರನ್ನು ನೋಡಿಕೊಳ್ಳಲಿಕ್ಕೆಂದು ಶುರುವಾದದ್ದು ಅದು. ಇವತ್ತು ಮಾಂಟೆಸ್ಸರಿ ಎಂದರೆ ದುಡ್ಡಿದ್ದವರ ಶಾಲೆ ಎಂದು ಅಂದುಕೊಳ್ಳುತ್ತೇವೆ. ಹುಟ್ಟಿದ್ದು ಮಾತ್ರ ಕೂಲಿಕಾರರ ಮಕ್ಕಳಿಗಾಗಿ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರ ಮಕ್ಕಳಂಥವರೇ ಅಲ್ಲಿ ಕೂತು ಕಲಿತದ್ದು.

1909ರಲ್ಲಿ ಅವರು ಟೀಚರುಗಳಿಗಾಗಿ ಮೊದಲ ತರಬೇತಿ ನಡೆಸಿದರು. ಸುಮಾರು ನೂರು ಮಂದಿ ಬಂದಿದ್ದರು. 1929ರಲ್ಲಿ ಡೆನ್ಮಾರ್ಕಿನ ಹೆಲ್ಸಿಂಗೋರ್ ಊರಲ್ಲಿ ಮೊದಲ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಮ್ಮೇಳನ ಆಯಿತು. ಎಎಂಐ ಎಂಬ ಅಂತರರಾಷ್ಟ್ರೀಯ ಸಂಘ ಕಟ್ಟಿದ್ದೂ ಅದೇ ವರ್ಷ. ಶಾಲೆಗಳ ಜೊತೆಜೊತೆಗೇ ಟೀಚರುಗಳ ಕೂಟವೂ ಬೆಳೆಯುತ್ತಾ ಬಂತು.

1939ರ ನವೆಂಬರಿನಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಅವರು ಮದ್ರಾಸಿನ ಅಡಯಾರಿಗೆ ಬಂದರು. ಆಗ ಅವರಿಗೆ 69 ವರ್ಷ. ತಾಳೆಗರಿಯ ಚಪ್ಪರದ ಕೆಳಗೆ ದೇಶದ ನಾನಾ ಕಡೆಯಿಂದ ಬಂದ ಸುಮಾರು 300 ಮಂದಿಗೆ ಪಾಠ. ಅವರು ಇಟಾಲಿಯನ್ ಭಾಷೆಯಲ್ಲಿ ಹೇಳುವುದು, ಮಗ ಮಾರಿಯೊ ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವುದು. ಅಷ್ಟರಲ್ಲಿ ಇಟಲಿಯೂ ಯುದ್ಧಕ್ಕೆ ಇಳಿಯಿತು. ಇಟಲಿ ಬ್ರಿಟಿಷರ ಶತ್ರು ದೇಶವಾದ್ದರಿಂದ ಮಾರಿಯೊನನ್ನು ಹಿಡಿದು ಶಿಬಿರದಲ್ಲಿ ಇಟ್ಟರು. 1940ರ ಆಗಸ್ಟ್ 31ರಂದು, ತಾಯಿಯ 70ನೇ ಹುಟ್ಟುಹಬ್ಬದ ದಿನ, ಬಿಡುಗಡೆ ಮಾಡಿದರು. ಕೆಲವು ತಿಂಗಳಿಗೆಂದು ಬಂದ ಆ ಅಜ್ಜಿ ಯುದ್ಧ ಮುಗಿಯುವವರೆಗೆ ಇಲ್ಲೇ ಉಳಿದರು. ಅಡಯಾರ್, ಕೊಡೈಕೆನಾಲ್, ಅಹಮದಾಬಾದ್, ಕರಾಚಿ, ಶ್ರೀನಗರ ಎಂದು ಊರೂರಿನಲ್ಲಿ ತರಬೇತಿ ಕೊಟ್ಟರು. ಅವರ ಕೈಯಲ್ಲಿ ತಯಾರಾದ ನಮ್ಮ ದೇಶದ ಟೀಚರುಗಳು ಸಾವಿರಕ್ಕೂ ಹೆಚ್ಚು.

1949ರಿಂದ ಅವರ ಪ್ರತಿನಿಧಿಯಾಗಿ ಆಲ್ಬರ್ಟ್ ಮ್ಯಾಕ್ಸ್ ಜೂಸ್ಟನ್ ಇಲ್ಲಿ ತರಬೇತಿಯನ್ನು ಮುಂದುವರಿಸಿದರು. ಅವರ ನಂತರ ಎಸ್.ಆರ್. ಸ್ವಾಮಿಯವರಂಥವರು ಆ ಕೆಲಸಕ್ಕೆ ಹೆಗಲು ಕೊಟ್ಟರು. ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಆ ಪರಂಪರೆಯದ್ದೇ. ಕರ್ನಾಟಕದಲ್ಲಿ ಮಾಂಟೆಸ್ಸರಿಯ ಗಟ್ಟಿ ಬೇರು ಇರುವುದು ಬೆಂಗಳೂರಿನಲ್ಲಿ. 2009ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಚೆನ್ನೈಗೂ ಬಂದಿತ್ತು. ಆದರೆ ಬೆಂಗಳೂರು, ಚೆನ್ನೈಯಲ್ಲಿ ಎಷ್ಟು ಸಭೆ ಆದರೂ ಬ್ಯಾಡಗಿಯ ಟೀಚರಿಗೆ ಸಿಗುವುದೆಷ್ಟು? ಹಾವೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಎರಡು ದಿನ ರಜೆ, ಉಳಿಯುವ ಖರ್ಚು, ಕಾರ್ಯಾಗಾರದ ಫೀಸು, ಮನೆಯಲ್ಲಿ ಸಣ್ಣ ಮಕ್ಕಳು. ಸಣ್ಣ ಸಂಬಳದ ಟೀಚರಿಗೆ ಅದು ಆಗುವ ಮಾತಲ್ಲ.

ಅಂಗಳಕ್ಕೆ ಬಂದ ಶಾಲೆ, ಕಾರ್ಡು ಬರೆದ ಮಾಸ್ತರುಗಳು

ಹಾಗೆಂದು ದೊಡ್ಡ ಊರಿನಿಂದ ಯಾರಾದರೂ ಬರಲಿ ಎಂದು ಕಾಯುತ್ತಾ ಕೂರಬೇಕೆಂದಿಲ್ಲ. ಮಾಂಟೆಸ್ಸರಿ ಇಲ್ಲಿಗೆ ಬರುವ ಎಷ್ಟೋ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಮಗ ಹುಟ್ಟಿದ ಮೇಲೆ ಶಿಶುಶಿಕ್ಷಣದ ಪುಸ್ತಕ ಹುಡುಕಿ ಓದಿ, ವಕೀಲಿಕೆ ಬಿಟ್ಟು, 1920ರಲ್ಲಿ ಬಾಲಮಂದಿರ ತೆರೆದಿದ್ದರು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ರೀತಿಗೆ ಜನ ಅವರನ್ನು 'ಮೀಸೆಯ ಅಮ್ಮ' ಎಂದೇ ಕರೆದರು. ಅವರೂ ತಾರಾಬಾಯಿ ಮೋಡಕ್ ಅವರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಟೀಚರುಗಳ ಸಮ್ಮೇಳನ, ಪತ್ರಿಕೆ, ತರಬೇತಿ ಎಲ್ಲ ಆ ಸಂಘದ ಮೂಲಕ ನಡೆಯಿತು.

ತಾರಾಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಶಾಲೆಗೆ ಬಾರದ ಮಕ್ಕಳ ಕೇರಿಯ ಅಂಗಳದಲ್ಲೇ ಬಾಲವಾಡಿ ನಡೆಸಿದರು. ಇಟಲಿಯ ಮರದ ಸಾಮಾನು ಅಲ್ಲಿ ಎಲ್ಲಿಂದ ಬರಬೇಕು? ಬೀಜ, ಕಡ್ಡಿ, ಚಿಪ್ಪು, ಮಣ್ಣಿನ ಮಡಕೆಗಳೇ ಸಾಮಗ್ರಿ ಆದವು. ಅವರ ಜೊತೆ ಕೆಲಸಕ್ಕೆ ಸೇರಿದ ಅನುತಾಯಿ ವಾಘ್ ಮುಂದೆ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಅದನ್ನೇ ಬೆಳೆಸಿದರು. ಇವತ್ತು ನಮ್ಮ ಬಾಯಲ್ಲಿ ಸಲೀಸಾಗಿ ಬರುವ ಬಾಲವಾಡಿ, ಅಂಗನವಾಡಿ ಎಂಬ ಮಾತುಗಳ ಹಿಂದೆ ಈ ಇಬ್ಬರು ಹೆಂಗಸರ ದುಡಿಮೆ ಇದೆ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಕೆಲವು ಮಾಸ್ತರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ಬಂದವರು ಸುಮ್ಮನಿರದೆ ಒಟ್ಟಿಗೆ ಕೂತು ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಹಾಕಿ ನೋಡಿದರು, ಸರಿಯಾಗದ್ದನ್ನು ಬದಲಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು. ಒಂದು ಹಿಂದುಳಿದ ತಾಲೂಕಿನ ಮಾಸ್ತರುಗಳು ಒಟ್ಟಿಗೆ ಕೂತದ್ದರ ಫಲ ಅದು. ಹೆಗ್ಗಡದೇವನಕೋಟೆಯಲ್ಲಿ ಆದದ್ದು ಹಾವೇರಿಯಲ್ಲಿ ಯಾಕೆ ಆಗಬಾರದು?

ಮೂರು ಊರು, ಒಂದು ದಾರಿ

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಜಿಲ್ಲಾ ಕೇಂದ್ರ ಹಾವೇರಿ, ವ್ಯಾಪಾರಕ್ಕೂ ಬಿತ್ತನೆ ಬೀಜಕ್ಕೂ ಹೆಸರಾದ ರಾಣೆಬೆನ್ನೂರು, ಮೆಣಸಿನ ಮಾರುಕಟ್ಟೆಯ ಬ್ಯಾಡಗಿ, ಮೂರೂ ಬೆಂಗಳೂರು-ಹುಬ್ಬಳ್ಳಿ ಹಾದಿಯಲ್ಲೇ ಇವೆ. ರಾಣೆಬೆನ್ನೂರು ಬಿಟ್ಟು ಹುಬ್ಬಳ್ಳಿ ಕಡೆ ಹೊರಟರೆ ನಡುವೆ ಬ್ಯಾಡಗಿ, ಆಮೇಲೆ ಹಾವೇರಿ. ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಒಂದು ಗಂಟೆಯ ಆಜುಬಾಜು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚೂ ಇಲ್ಲ. ಮಾಂಟೆಸ್ಸರಿ ಟೀಚರುಗಳಲ್ಲಿ ಹೆಚ್ಚಿನವರು ಹೆಂಗಸರೇ. ಹಾಗಾಗಿ ತಿಂಗಳಿಗೊಮ್ಮೆ ಸೇರಲು ಬಸ್ಸು ಅಡ್ಡಿಯಲ್ಲ, ದೂರ ಅಡ್ಡಿಯಲ್ಲ. ಸೇರಬೇಕೆಂದು ಹೇಳುವ ಒಬ್ಬರು ಬೇಕು, ಅಷ್ಟೇ.

ಸರ್ಕಾರಿ ಶಾಲೆಯವರಿಗೆ ಇಂಥ ವ್ಯವಸ್ಥೆ ಮೊದಲಿಂದಲೂ ಉಂಟು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ, ತಾಲೂಕಿಗೆ ಬಿಆರ್‌ಸಿ, ಜಿಲ್ಲೆಗೆ ಡಯಟ್. ಯಾದಗಿರಿ, ಕಲಬುರಗಿ ಕಡೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಶಿಕ್ಷಕರ ಕಲಿಕಾ ಕೇಂದ್ರಗಳಿಗೆ ಮಾಸ್ತರುಗಳು ಶಾಲೆ ಬಿಟ್ಟ ಮೇಲೆ ತಾವಾಗಿಯೇ ಬಂದು ಕೂರುವುದುಂಟು. ಆದರೆ ಖಾಸಗಿ ನರ್ಸರಿಯ ಟೀಚರ್ ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅವರನ್ನು ಕರೆಯುವವರಿಲ್ಲ, ಅವರು ಬಾರದಿದ್ದರೆ ಕೇಳುವವರೂ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಯ ಕಲಿಕೆಗೆ ಇಡಬೇಕು ಎನ್ನುತ್ತದೆ. ನಮ್ಮ ರಾಜ್ಯ ಸರ್ಕಾರ ಆ ನೀತಿಯನ್ನು ಬೇಡ ಎಂದದ್ದು ಬೇರೆ ಮಾತು. ಆ 50 ಗಂಟೆಯ ಲೆಕ್ಕವನ್ನು ಮಾತ್ರ ಎತ್ತಿಟ್ಟುಕೊಳ್ಳಬಹುದು. ತಿಂಗಳಿಗೊಮ್ಮೆ ನಾಲ್ಕು ಗಂಟೆಯಂತೆ ಹತ್ತು ತಿಂಗಳು ಸೇರಿದರೆ 40 ಗಂಟೆ. ಬೇಸಿಗೆ ರಜೆಯಲ್ಲಿ ಎರಡು ದಿನದ ಒಂದು ಕಾರ್ಯಾಗಾರ ಮಾಡಿದರೆ ಇನ್ನು 10 ಗಂಟೆ. ಬೆಂಗಳೂರಿಗೆ ಹೋಗದೆಯೇ 50 ಆಯಿತು.

ಅಲ್ಲಿ ಕೂತು ಮಾಡುವುದೆಂತ?

ಸಭೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ವೇದಿಕೆ, ಹಾರ, ಶಾಲು, ಭಾಷಣ, ಕೊನೆಗೆ ಫೋಟೊ. ಟೀಚರುಗಳ ಕೂಟಕ್ಕೆ ಅದು ಯಾವುದೂ ಬೇಡ. ನೆಲದ ಮೇಲೆ ಒಂದು ಚಾಪೆ, ಚಾಪೆಯ ಮೇಲೆ ಸಾಮಗ್ರಿ, ಸುತ್ತ ಹತ್ತು ಹದಿನೈದು ಮಂದಿ. ಇಷ್ಟಿದ್ದರೆ ಸಾಕು.

ಮಾಂಟೆಸ್ಸರಿ ಕೆಲಸ ಬಾಯಿಯಿಂದ ಹೇಳಿ ಬರುವಂಥದ್ದಲ್ಲ, ಕೈಯಿಂದ ಕೈಗೆ ಬರುವಂಥದ್ದು. ಗುಲಾಬಿ ಗೋಪುರವನ್ನೇ ನೋಡಿ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಘನಗಳು. ನೋಡಲಿಕ್ಕೆ ಆಟದ ಸಾಮಾನು. ಆದರೆ ಒಂದೊಂದೇ ಘನವನ್ನು ಹೇಗೆ ಎತ್ತಬೇಕು, ಎಲ್ಲಿ ಇಡಬೇಕು, ಎಷ್ಟು ಕಡಿಮೆ ಮಾತಾಡಬೇಕು ಎಂಬುದಕ್ಕೆ ಒಂದು ಕ್ರಮ ಉಂಟು. ಟ್ರೇನಿಂಗಿನಲ್ಲಿ ಒಮ್ಮೆ ಮಾಡಿ, ಐದು ವರ್ಷ ಯಾರೂ ನೋಡದೆ ಇದ್ದರೆ ಆ ಕೈಯ ಕ್ರಮ ತಪ್ಪುತ್ತದೆ. ತಪ್ಪಿದ್ದು ತನಗೆ ತಿಳಿಯುವುದೂ ಇಲ್ಲ. ಇನ್ನೊಬ್ಬ ಟೀಚರ್ ಎದುರಿಗೆ ಕೂತು ನೋಡಿದರೆ ಮಾತ್ರ ತಿಳಿಯುತ್ತದೆ. ಮೊಬೈಲಿನಲ್ಲಿ ವಿಡಿಯೊ ನೋಡಬಹುದು, ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಬಹುದು. ಆದರೆ ವಿಡಿಯೊ ನಮ್ಮ ಕೈಯನ್ನು ತಿರುಗಿ ನೋಡುವುದಿಲ್ಲವಲ್ಲ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಮವಾರ, ಗುರುವಾರ ಅಲ್ಲಿ ಚೀಲದ ರಾಶಿಗಳ ನಡುವೆ ವರ್ತಕರು ನಡೆಯುತ್ತಾರೆ. ಡಬ್ಬಿಯೋ ಕಡ್ಡಿಯೋ, ಬಣ್ಣ ಎಷ್ಟು ಗಾಢ, ಸುಕ್ಕು ಹೇಗೆ, ತೇವ ಉಂಟಾ ಎಂದು ಕಣ್ಣು, ಬೆರಳು, ಮೂಗಿನಿಂದ ಅಳೆದು ದರ ಬರೆಯುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೆಣಸು ಅದು. ಆ ಕಣ್ಣು ಪುಸ್ತಕದಿಂದ ಬಂದದ್ದಲ್ಲ. ಅನುಭವಸ್ಥರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಬಂದದ್ದು. ಬಣ್ಣದ ಫಲಕಗಳನ್ನು ಗಾಢದಿಂದ ತಿಳಿಯವರೆಗೆ ಜೋಡಿಸುವ ಮಾಂಟೆಸ್ಸರಿ ಮಗು ಮಾಡುವುದೂ ಇದೇ ಕೆಲಸ. ಹಾಗೆಯೇ ಹಾವೇರಿಯ ಪಟವೇಗಾರ ಮುಸ್ಲಿಂ ಮನೆತನದವರು ಪೋಣಿಸುವ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ದಾರಕ್ಕೆ ಮಣಿ ಪೋಣಿಸುವ ಮೂರು ವರ್ಷದ ಮಗುವಿನ ಬೆರಳಿಗೂ ಬೇಕಾದದ್ದು ಅದೇ ತಾಳ್ಮೆ. ಆ ಊರುಗಳಲ್ಲಿ ಇಂಥ ಕಣ್ಣು, ಇಂಥ ಕೈ ಮೊದಲೇ ಉಂಟು.

ಕೂಟಕ್ಕೆ ಬೇಕಾದ ಎರಡನೇ ಕೆಲಸ ಗಮನಿಸಿ ಬರೆದದ್ದನ್ನು ಹಂಚಿಕೊಳ್ಳುವುದು. ಮಗುವನ್ನು ದೂರದಿಂದ ಸುಮ್ಮನೆ ನೋಡುವುದೇ ಮಾಂಟೆಸ್ಸರಿ ಟೀಚರಿನ ಮುಖ್ಯ ಕೆಲಸ. ನೋಡಿದ್ದನ್ನು ಬರೆದಿಟ್ಟು ಕೂಟಕ್ಕೆ ತಂದರೆ ಮಾತು ಹುಟ್ಟುತ್ತದೆ. "ನಮ್ಮಲ್ಲೊಂದು ಹುಡುಗ ಐತ್ರೀ, ಗುಲಾಬಿ ಘನ ತಗೊಂಡು ಬಸ್ಸು ಮಾಡಿ ಓಡಸ್ತಾನ. ಬಿಡಬೇಕೋ ತಡೀಬೇಕೋ?" ಎಂದು ಒಬ್ಬ ಅಕ್ಕೋರು ಕೇಳಿದರೆ ಅಲ್ಲಿರುವ ಎಲ್ಲರಿಗೂ ಅಂಥ ಒಬ್ಬ ಹುಡುಗ ನೆನಪಾಗುತ್ತಾನೆ. ತಡೆಯಬೇಕು ಎನ್ನುವವರು ಒಬ್ಬರು, ಅವನಿಗೆ ಆ ಕೆಲಸ ಈಗ ಬೇಡವಾಗಿದೆ, ಬೇರೆ ಕೊಡಿ ಎನ್ನುವವರು ಇನ್ನೊಬ್ಬರು. ಮರುದಿನ ಆ ಟೀಚರ್ ತರಗತಿಗೆ ಹೋಗುವಾಗ ಒಬ್ಬಂಟಿಯಾಗಿ ಹೋಗುವುದಿಲ್ಲ.

ಮೂರನೆಯದು ಸಾಮಗ್ರಿ ತಯಾರಿ. ಅಂಗಡಿಯಲ್ಲಿ ಪೂರ್ತಿ ಸೆಟ್ಟು ತೆಗೆದರೆ ಸಣ್ಣ ಶಾಲೆಗೆ ಭಾರ. ರಟ್ಟು, ಸ್ಯಾಂಡ್‌ಪೇಪರ್, ಕತ್ತರಿ, ಫೆವಿಕಾಲ್ ಇದ್ದರೆ ಅಕ್ಷರದ ಫಲಕಗಳನ್ನು ಹತ್ತು ಮಂದಿ ಕೂತು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಜೋಳ, ಹೆಸರು, ಅವರೆ, ಅಲಸಂದೆ ಬೇರ್ಪಡಿಸುವ ಕೆಲಸಕ್ಕೆ ಬೀಜ ಅಲ್ಲಿ ಯಾವ ಮನೆಯಲ್ಲಿಲ್ಲ? ಒಂದೇ ಎಚ್ಚರ: ರಾಸಾಯನಿಕ ಹಚ್ಚಿದ ಬಿತ್ತನೆ ಬೀಜವೂ ಮೆಣಸಿನಕಾಯಿಯೂ ಮಕ್ಕಳ ಕೈಗೆ ಬೇಡ.

ಬೆಳಗ್ಗೆ ಬಲದಿಂದ, ಆಮೇಲೆ ಎಡದಿಂದ

ಕೆಲವು ಪ್ರಶ್ನೆಗಳಿಗೆ ಇಟಲಿಯ ಪುಸ್ತಕದಲ್ಲಿ ಉತ್ತರವೇ ಇಲ್ಲ. ಇಟಾಲಿಯನ್ ಭಾಷೆಗೆ 21 ಅಕ್ಷರ. ಕನ್ನಡಕ್ಕೆ 49, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಸ್ಯಾಂಡ್‌ಪೇಪರ್ ಅಕ್ಷರ ಮಾಡುವಾಗ ಇಳಿ, ಗುಡಿಸು, ಕೊಂಬು, ಏತ್ವಗಳನ್ನು ಬೇರೆ ಫಲಕದಲ್ಲಿ ಮಾಡುವುದಾ, ಅಕ್ಷರಕ್ಕೆ ಸೇರಿಸಿಯೇ ಮಾಡುವುದಾ? ಮೊದಲು ಯಾವ ಅಕ್ಷರ? ಅ ಆ ಇ ಈ ಕ್ರಮದಲ್ಲೇ ಹೋಗುವುದಾ, ಬರೆಯಲಿಕ್ಕೆ ಸುಲಭವಾದ ರ, ಗ, ಸ, ದ ಮೊದಲಾ? ಕನ್ನಡದ ಟೀಚರುಗಳು ಒಟ್ಟಿಗೆ ಕೂತು, ಮಾಡಿ ನೋಡಿಯೇ ಇದನ್ನು ತೀರ್ಮಾನಿಸಬೇಕು.

ನಮ್ಮ ಮಕ್ಕಳ ವಿಷಯ ಇನ್ನೂ ಬೇರೆ. ಬ್ಯಾರಿ ಮಗು ಮನೆಯಲ್ಲಿ ಉಮ್ಮನ ಹತ್ರ ಬ್ಯಾರಿ ಮಾತಾಡುತ್ತದೆ. ಹಾವೇರಿಯ ನೆರೆಮನೆಯ ಮಗುವಿನದ್ದು ದಖ್ಖನಿ ಉರ್ದು, ಇನ್ನೊಂದರದ್ದು ಲಂಬಾಣಿ, ಮತ್ತೊಂದರದ್ದು ಅಪ್ಪಟ ಉತ್ತರ ಕರ್ನಾಟಕದ ಕನ್ನಡ. ಬೆಳಗ್ಗೆ ಮದ್ರಸದಲ್ಲಿ ಅಲಿಫ್, ಬಾ ಬರೆಯುವಾಗ ಕೈ ಬಲದಿಂದ ಎಡಕ್ಕೆ. ಆಮೇಲೆ ಶಾಲೆಯಲ್ಲಿ ಅ, ಆ ಬರೆಯುವಾಗ ಎಡದಿಂದ ಬಲಕ್ಕೆ. ನಾಲ್ಕೂವರೆ ವರ್ಷದ ಮಗು ಇದೆರಡನ್ನೂ ಒಂದೇ ದಿನ ಮಾಡುತ್ತದೆ. ಕೆಲವೊಮ್ಮೆ ಕನ್ನಡ ಅಕ್ಷರವನ್ನು ಬಲದಿಂದ ಶುರು ಮಾಡಿದರೆ, ಗೊತ್ತಿಲ್ಲದ ಟೀಚರ್ "ಇವನಿಗೆ ಗಮನವೇ ಇಲ್ಲ" ಎಂದುಬಿಡಬಹುದು. ಗೊತ್ತಿದ್ದವರು ಫಲಕದ ಎಡ ಅಂಚಿಗೆ ಒಂದು ಬಣ್ಣದ ಚುಕ್ಕೆ ಇಟ್ಟು, ಬೆರಳು ಎಲ್ಲಿಂದ ಹೊರಡಬೇಕೆಂದು ತೋರಿಸುತ್ತಾರೆ. ಇಂಥ ಕೂಟಕ್ಕೆ ಊರಿನ ಉಸ್ತಾದರನ್ನೂ ಒಮ್ಮೆ ಕರೆದರೆ ಅರ್ಧ ಗಂಟೆಯಲ್ಲಿ ಇಬ್ಬರಿಗೂ ಉಪಯೋಗ. ಅಕ್ಷರವನ್ನು ಬೆರಳಿನಿಂದ ಸವರಿ ಕಲಿಯುವ ಉಪಾಯ ಅರಬಿ ಅಕ್ಷರಕ್ಕೂ ಒಪ್ಪುತ್ತದೆ.

ಈ ನೆಲಕ್ಕೆ ಇದೆಲ್ಲ ಹೊಸತಲ್ಲ. ಹಾವೇರಿ ಜಿಲ್ಲೆಯ ಶಿಶುವಿನಾಳದ ಷರೀಫ ಸಾಹೇಬರು ಜನರ ಬಾಯಲ್ಲಿ ಸಂತರಾಗಿ ಉಳಿದಿದ್ದಾರೆ. ಅದಕ್ಕೂ ಮೊದಲು ಅವರು ಕನ್ನಡ ಶಾಲೆಯ ಮಾಸ್ತರಾಗಿದ್ದವರು. ಬೇರೆ ಮತದ ಗುರುವಿನ ಹತ್ರ ಕೂತು ಕಲಿತವರು.

ಮನೆಯವರೂ ಆಡಳಿತದವರೂ ಮಾಡಬೇಕಾದ್ದು

ಟೀಚರುಗಳು ಬಯಸಿದರೂ ಕೂಟ ನಡೆಯಬೇಕಾದರೆ ಶಾಲೆಯವರು ಬಿಡಬೇಕು. ಶಾಲೆ ನಡೆಸುವ ಟ್ರಸ್ಟಿನವರಲ್ಲಿ, ಜಮಾಅತಿನ ಹಿರಿಯರಲ್ಲಿ ನಮ್ಮ ಮಾತು ಇಷ್ಟೇ. ಕಟ್ಟಡಕ್ಕೆ ಬಣ್ಣ ಹೊಡೆಸಲಿಕ್ಕೆ, ವಾರ್ಷಿಕೋತ್ಸವದ ಶಾಮಿಯಾನಕ್ಕೆ ದುಡ್ಡು ಎತ್ತಿಡುತ್ತೀರಿ. ಅದರಲ್ಲೊಂದು ಸಣ್ಣ ಪಾಲು ಟೀಚರ್ ಕಲಿಕೆಗೆ ಇಡಿ. ತಿಂಗಳಿಗೆ ಅರ್ಧ ದಿನ ಬಿಡಿ, ಆ ಅರ್ಧ ದಿನದ ಸಂಬಳ ಕಡಿಯಬೇಡಿ. ವರ್ಷಕ್ಕೊಮ್ಮೆ ಒಬ್ಬರನ್ನು ಬೆಂಗಳೂರಿನ ಕಾರ್ಯಾಗಾರಕ್ಕೆ ಖರ್ಚು ಕೊಟ್ಟು ಕಳಿಸಿ. ಅವರು ಬಂದು ಉಳಿದವರಿಗೆ ಹೇಳಿಕೊಡಲಿ. ಕಲಿತ ಮೇಲೆ ಬೇರೆ ಶಾಲೆಗೆ ಹೋಗಿಬಿಟ್ಟರೆ ಎಂಬ ಹೆದರಿಕೆ ಸಹಜ. ಆದರೆ ಕಲಿಯದ ಟೀಚರ್ ನಮ್ಮಲ್ಲೇ ಇಪ್ಪತ್ತು ವರ್ಷ ಉಳಿದರೆ ನಷ್ಟ ಯಾರಿಗೆ?

ಕೋರ್ಸಿಗೆ ಸೇರುವ ಹುಡುಗಿಯರಿಗೂ ಒಂದು ಮಾತು. ಫೀಸು ಕಟ್ಟುವ ಮೊದಲು ಆ ಸರ್ಟಿಫಿಕೇಟು ಕೊಡುವವರು ಯಾರು, ಅದಕ್ಕೆ ಎಲ್ಲಿ ಬೆಲೆ ಉಂಟು ಎಂದು ಕೇಳಿ. ಎನ್‌ಸಿಟಿಇ ಮಾನ್ಯತೆಯ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ಎರಡು ವರ್ಷದ್ದು, ಅದೇ ಬೇರೆ. ಖಾಸಗಿ ಮಾಂಟೆಸ್ಸರಿ ಡಿಪ್ಲೊಮಾ ಬೇರೆ. ಸಾಮಗ್ರಿ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಲಿಕ್ಕೆ ಎಷ್ಟು ಗಂಟೆ, ನಿಜವಾದ ತರಗತಿಯಲ್ಲಿ ಕೂತು ನೋಡಲಿಕ್ಕೆ ಎಷ್ಟು ದಿನ ಎಂದು ಕೇಳಿ. ಬರೀ ನೋಟ್ಸ್ ಕೊಟ್ಟು ಪರೀಕ್ಷೆ ಬರೆಸುವ ಕಡೆ ಮಾಂಟೆಸ್ಸರಿ ಬರುವುದಿಲ್ಲ.

ಇನ್ನು ಮಕ್ಕಳ ಉಮ್ಮ ಬಾಪಂದಿರು. ಈ ಸಲ ಅಡ್ಮಿಶನ್ನಿಗೆ ಹೋದಾಗ ವ್ಯಾನಿನ ಬಗ್ಗೆ ಕೇಳಿದ ಮೇಲೆ ಇನ್ನು ಮೂರು ಪ್ರಶ್ನೆ ಕೇಳಿ. ನಿಮ್ಮ ಟೀಚರ್ ಕಳೆದ ವರ್ಷ ಯಾವ ತರಬೇತಿಗೆ ಹೋಗಿದ್ದರು? ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರಾ? ಮಗು ತಾನೇ ಆರಿಸಿಕೊಂಡ ಕೆಲಸವನ್ನು ಯಾರೂ ತಡೆಯದೆ ಎಷ್ಟು ಹೊತ್ತು ಮಾಡಬಹುದು? ಹತ್ತು ಮನೆಯವರು ಇದನ್ನೇ ಕೇಳಿದರೆ ಶಾಲೆಯವರು ತಾವಾಗಿಯೇ ಟೀಚರನ್ನು ಕೂಟಕ್ಕೆ ಕಳಿಸುತ್ತಾರೆ. ಮೂರು ವರ್ಷದ ಮಗು "ನನ್ನ ಟೀಚರಿಗೆ ಕಲಿಸಿ" ಎಂದು ಹೇಳಲಾರದು. ಅದನ್ನು ಹೇಳಬೇಕಾದವರು ನಾವು.

ಶುರು ಮಾಡುವುದು ಕಷ್ಟವಲ್ಲ. ಮೂರು ಊರುಗಳಿಂದ ಮೂರು ಮೂರು ಟೀಚರುಗಳು, ಒಟ್ಟು ಒಂಬತ್ತು ಮಂದಿ ಸಾಕು. ತಿಂಗಳ ಒಂದು ಶನಿವಾರ ಮಧ್ಯಾಹ್ನ, ಮೊದಲ ಸಲ ಹಾವೇರಿ, ಎರಡನೇ ಸಲ ಬ್ಯಾಡಗಿ, ಮೂರನೇ ಸಲ ರಾಣೆಬೆನ್ನೂರು. ಊರಿನ ಅಂಗನವಾಡಿ ಟೀಚರನ್ನೂ ಕರೆಯಿರಿ. ಅವರ ಅನುಭವ ದೊಡ್ಡದು. ಬಂದವರಿಗೆ ಚಾ ಮತ್ತು ಮಂಡಕ್ಕಿ. ಪ್ರತಿಯೊಬ್ಬರೂ ತರಬೇಕಾದದ್ದು ತಾವು ನೋಡಿದ ಒಂದು ಮಗುವಿನ ಬಗ್ಗೆ ಬರೆದ ಒಂದು ಪುಟ.